ಮಾಮನ ಕೈಗೆ ಕೊಟ್ಟ ಹಕ್ಕಿ

ಹೋದ ವಾರ ಕೋಲಾರದಲ್ಲಿ ಮಗಳ ಮನೆಯ ಪಡಸಾಲೆಯಲ್ಲಿ ಕೂತಿದ್ದೆ. ಜೋರು ಮಳೆ. ಎದುರು ಮನೆಯವರ ನಾಯಿ ಹೇಗೋ ತಪ್ಪಿಸಿಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಂತು ಮೈ ಕೊಡವಿತು. "ಥೂ, ಎಂಥ ನಾತ" ಅಂತ ಮಗಳು ಅದನ್ನು ಗದರಿಸಿ ಓಡಿಸಿ ಬಾಗಿಲು ಹಾಕಿಬಿಟ್ಟಳು. ಒದ್ದೆ ನಾಯಿಯ ವಾಸನೆ ಮಾತ್ರ ಒಳಗೇ ಉಳಿಯಿತು... ನಾನು ಮೂಗು ಮುಚ್ಚಿಕೊಳ್ಳಲಿಲ್ಲ. ಐವತ್ತು ವರ್ಷದ ಮೇಲಾಯಿತು. ಆ ವಾಸನೆ ಬಂದರೆ ತಾಯಲೂರಿನ ಕೆರೆಯಂಚು, ಹೊತ್ತು ಹುಟ್ಟುವ ಮುಂಚಿನ ತಣ್ಣನೆ ಕೆಸರು, ಪಕ್ಕದ ಮನೆಯ ಮಾಮ ಎಲ್ಲ ಒಟ್ಟಿಗೇ ಬಂದು ನಿಲ್ಲುತ್ತವೆ.

ನನ್ನ ತವರು ಮಾಸ್ತಿ. ಹದಿನೇಳಕ್ಕೆ ಮದುವೆಯಾಗಿ ತಾಯಲೂರಿಗೆ ಬಂದೆ. ನಮ್ಮ ಕಡೆ ಮನೆಯೊಳಗೆಲ್ಲ ಕನ್ನಡ. ಅಲ್ಲಿ ಅರ್ಧ ಮಾತು ತೆಲುಗು. ಗೋಡೆಗೆ ಗೋಡೆ ಹೊಂದಿಕೊಂಡಿದ್ದ ಪಕ್ಕದ ಮನೆಯವರನ್ನು ಊರೆಲ್ಲ ಮಾಮ ಅನ್ನುತ್ತಿತ್ತು, ನಾನೂ ಹಾಗೇ ಕರೆದೆ. ಅವರು ನನ್ನನ್ನು ತೆಲುಗಿನಲ್ಲಿ ಅಮ್ಮಾಯಿ, ಅಂದರೆ ಹುಡುಗಿ, ಅನ್ನುತ್ತಿದ್ದರು. ವಯಸ್ಸಿನಲ್ಲಿ ಬೆಂಗಳೂರು ದಂಡಿನಲ್ಲಿ ಕುದುರೆ, ನಾಯಿ ನೋಡಿಕೊಳ್ಳುವ ಕೆಲಸದಲ್ಲಿದ್ದು, ಹೆಂಡತಿ ತೀರಿಕೊಂಡ ಮೇಲೆ ಊರಿಗೆ ಬಂದು ಕೆರೆ ಕೆಳಗಿನ ತುಂಡು ಗದ್ದೆ ಮಾಡಿಕೊಂಡಿದ್ದರು. ಮಕ್ಕಳಿಲ್ಲ. ಶ್ರೀನಿವಾಸಪುರದಲ್ಲಿ ಒಬ್ಬಳು ತಂಗಿ. ಮಾತು ಕಡಿಮೆ. ಚಳಿಗಾಲದಲ್ಲಿ ಕೆರೆಗೆ ಕಾಡುಬಾತು ಇಳಿದರೆ ಕೋಲಾರದ ಕಡೆಯಿಂದ ಒಬ್ಬ ಬಿಳಿಯ ದೊರೆ ಕೋವಿ ತಗೊಂಡು ಬರುತ್ತಿದ್ದರು. ಆಗ ಮಾಮನೇ ಅವರಿಗೆ ದಾರಿ ತೋರಿಸುವವರು.

ನಾನು ಹೇಳುತ್ತಿರುವುದು ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಆ ಸಂಕ್ರಾಂತಿಯ ಹಿಂದೆಮುಂದೆ ನನ್ನ ಮೊದಲನೇ ಮಗು ಹೋಯಿತು. ಐದು ತಿಂಗಳ ಗಂಡುಮಗು, ಮೂರು ದಿನದ ಜ್ವರ. ಆಮೇಲೆ ನನಗೆ ಮಾತೇ ಬೇಡವಾಯಿತು. ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದೆ, ಹೇಳಿದ ಕೆಲಸ ಮಾಡುತ್ತಿದ್ದೆ. ಅತ್ತೆ ಮೊದಮೊದಲು ಅತ್ತರು, ಆಮೇಲೆ ರೇಗಿದರು, ಆಮೇಲೆ ಸುಮ್ಮನಾದರು. ನನ್ನ ಗಂಡ ಹೊಲದಿಂದ ಬಂದು ನನ್ನ ಮುಖ ನೋಡಿ ಹಾಗೇ ಜಗಲಿಗೆ ಹೋಗಿ ಕೂರುತ್ತಿದ್ದರು.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ದೊರೆಯ ಮೋಟಾರು ಬಂತು. ಬಾತಿನ ಕಾಲ ಮುಗಿದಿತ್ತು, ಈಗ್ಯಾಕೆ ಬಂದರು ಅಂತ ಬೀದಿಯವರೆಲ್ಲ ನೋಡಿದರು. ದೊರೆ ಇಳಿದು ಒಂದು ಕರಿ ನಾಯಿಮರಿಯನ್ನು ಮಾಮನ ಕೈಗೆ ಕೊಟ್ಟರು. ಏಳೆಂಟು ತಿಂಗಳದು, ಉದ್ದ ಕಾಲು, ಜೋತುಬಿದ್ದ ಕಿವಿ. ನೀರಿಗೆ ಬಿದ್ದ ಹಕ್ಕಿಯನ್ನು ಈಜಿಹೋಗಿ ಬಾಯಲ್ಲಿ ಹಿಡಿದು ತರುವ ಜಾತಿ. ರಿಟ್ರೀವರ್ ಅಂತ ಅದರ ಹೆಸರು ನನಗೆ ಎಷ್ಟೋ ವರ್ಷದ ಮೇಲೆ ತಿಳಿಯಿತು. ಕಾರ್ತೀಕದಲ್ಲಿ ದೊರೆಗಳೆಲ್ಲ ಕೋಲಾರದ ಹತ್ತಿರ ಒಂದು ಕೆರೆಯಲ್ಲಿ ಸೇರಿ ತಮ್ಮ ತಮ್ಮ ನಾಯಿಗಳನ್ನು ಪರೀಕ್ಷೆ ಮಾಡುತ್ತಾರಂತೆ. ಅಷ್ಟರೊಳಗೆ ಇದನ್ನು ತಯಾರು ಮಾಡಬೇಕು ಅಂತ ಹೇಳಿ ಹೋದರು. ಅವರು ಇಟ್ಟಿದ್ದ ಇಂಗ್ಲಿಷ್ ಹೆಸರು ಮಾಮನ ನಾಲಿಗೆಗೆ ಹೊರಳಲಿಲ್ಲ. ನಲ್ಲೋಡು ಅಂದರು. ತೆಲುಗಿನಲ್ಲಿ ಕರಿಯ ಅಂತ.

ಮರಿ ಎರಡು ದಿನ ಅನ್ನ ಮುಟ್ಟಲಿಲ್ಲ. ಹಿತ್ತಲ ಗೋಡೆಯ ಮೇಲಿಂದ ನೋಡುತ್ತಿದ್ದೆ. ಮಾಮ ಅದನ್ನು ಕರೆಯಲಿಲ್ಲ, ಮುದ್ದು ಮಾಡಲಿಲ್ಲ. ತಟ್ಟೆ ಇಟ್ಟು ಮಾರು ದೂರದಲ್ಲಿ ಬೆನ್ನು ತಿರುಗಿಸಿ ಕೂತು ಹಗ್ಗ ಹೊಸೆಯುತ್ತಿದ್ದರು. ಮೂರನೇ ದಿನ ಅದು ತಾನಾಗಿಯೇ ಬಂದು ಅವರ ಬೆನ್ನಿಗೆ ಮೂತಿ ಒತ್ತಿ ನಿಂತಿತು. ಮಾಮ ತಿರುಗಲೂ ಇಲ್ಲ. ಹೊಸೆಯುತ್ತಿದ್ದ ಕೈ ಮಾತ್ರ ನಿಂತಿತು.

ಒಂದು ದಿನ ಗೋಡೆಯ ಆಚೆಯಿಂದ ಕೇಳಿದರು, "ಅಮ್ಮಾಯಿ, ಹಳೇ ಬಟ್ಟೆ ಏನಾದರೂ ಇದ್ರೆ ಕೊಡು. ಗಂಟು ಕಟ್ಟಬೇಕು, ನಲ್ಲೋಡಿಗೆ ಎಸೆದು ತರೋದು ಕಲಿಸೋಕೆ."

ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಟ್ರಂಕಿನ ತಳದಲ್ಲಿ ಅತ್ತೆಗೆ ಕಾಣದಂತೆ ಇಟ್ಟಿದ್ದ ಮಗುವಿನ ಬಟ್ಟೆಗಳನ್ನು ತಂದು ಕೊಟ್ಟೆ. ಮಾಮ ಬಿಡಿಸಿ ನೋಡಿದರು. ತುಂಡು ಅಂಗಿ, ನನ್ನ ಹಳೇ ಸೀರೆಯಲ್ಲಿ ಹೊಲಿದ ಪುಟ್ಟ ಕೌದಿ.

"ಇದು ಬೇಡ ಕಣಮ್ಮ," ಅಂದರು.

ವಾಪಸ್ಸು ತಗೊಳ್ಳಲು ನಾನು ಕೈ ಚಾಚಲಿಲ್ಲ. ಮಾಮ ಕೌದಿಯನ್ನು ಮಡಿಸಿ ಒಳಗೆ ಭತ್ತದ ಹೊಟ್ಟು ತುಂಬಿ, ಮೇಲೆ ಬಾತಿನ ರೆಕ್ಕೆಯ ಗರಿ ಸುತ್ತಿ ಕಟ್ಟಿದರು. ಅಂಗಿಯನ್ನು ವಾಪಸ್ಸು ಕೊಟ್ಟರು.

ಆ ಬೇಸಿಗೆಯೆಲ್ಲ ಕಲಿಕೆ. ಬಿಸಿಲು ಏರುವ ಮುಂಚೆ ಕೆರೆಗೆ. ನೀರು ಇಳಿದು ನಡುವಿನಲ್ಲಿ ಒಂದು ಮಡುವಿನಷ್ಟು ಉಳಿದಿತ್ತು, ಸುತ್ತ ಜೊಂಡು. ಬಟ್ಟೆ ಒಗೆಯಲು ನಾನೂ ಆ ಹೊತ್ತಿಗೇ ಹೋಗುತ್ತಿದ್ದೆ. ಗಂಟನ್ನು ಎಲ್ಲಿ ಇಟ್ಟಿದ್ದಾರೆ ಅಂತ ನಾಯಿ ನೋಡಬಾರದು, ಹುಡುಕಿ ತರಬೇಕು. ಅದಕ್ಕೆ ಇನ್ನೊಬ್ಬರು ಬೇಕು. ಮಾಮ ಬಾಯಿಬಿಟ್ಟು ಕೇಳಲಿಲ್ಲ. ಗಂಟನ್ನು ನನ್ನ ಬಟ್ಟೆ ಬುಟ್ಟಿಯ ಪಕ್ಕ ಇಟ್ಟು ಹೋದರು. ನಾನು ಆಚೆ ದಡಕ್ಕೆ ಹೋಗಿ ಜೊಂಡಿನಲ್ಲಿ ಬಚ್ಚಿಟ್ಟೆ. ಈಚೆ ದಡದಿಂದ ಮಾಮ "ತೇ, ನಲ್ಲೋಡಾ", ತಗೊಂಡು ಬಾ ಅಂತ ಕೂಗಿದರೆ ಅದು ನೀರಿಗೆ ಬಿದ್ದು ಬಂದು, ಮೂಸಿ ಹುಡುಕಿ, ಗಂಟನ್ನು ಎತ್ತುವಾಗ ಹಲ್ಲು ತಾಗದ ಹಾಗೆ ಎತ್ತುತ್ತಿತ್ತು. ಹಲ್ಲು ತಾಗಬಾರದು ಅನ್ನುವುದನ್ನು ಕೋಳಿಮೊಟ್ಟೆಯಲ್ಲಿ ಕಲಿಸಿದ್ದರು. ಮೊದಲ ನಾಲ್ಕು ಮೊಟ್ಟೆ ಅದರ ಹೊಟ್ಟೆಗೆ ಹೋದವು, ಐದನೆಯದನ್ನು ಇಡಿಯಾಗಿ ತಂದಿತು. ಕೋವಿ ಸದ್ದಿಗೆ ಬೆದರಬಾರದು ಅಂತ ಅನ್ನ ಇಡುವಾಗ ನಾನು ಹಿತ್ತಲಲ್ಲಿ ಹಿತ್ತಾಳೆ ತಟ್ಟೆ ಬಡಿಯುತ್ತಿದ್ದೆ. ಅತ್ತೆ ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ನಲ್ಲೋಡು ಜೊಂಡಿನ ಬೇರಿಗೆ ಕಾಲು ಸಿಕ್ಕಿಸಿಕೊಂಡಿತು. ಮಾಮ ಎದುರು ದಡದಲ್ಲಿ. ಅದರ ತಲೆ ಒಂದು ಸಲ ಮುಳುಗಿತು. ನಾನು ಸೊಂಟದವರೆಗೆ ನೀರಿಗಿಳಿದು, "ಲೇ ನಲ್ಲೋಡಾ! ಈ ಕಡೆ ಬಾರೋ! ಇಲ್ಲಿದೀನಿ ಬಾರೋ!" ಅಂತ ಕಿರುಚಿದೆ. ಅದು ಒದ್ದಾಡಿ ಬಿಡಿಸಿಕೊಂಡು ಈಜಿ ಬಂದು ನನ್ನ ಮೇಲೇ ಬಿತ್ತು. ಬಾಯಲ್ಲಿ ಗಂಟು ಹಾಗೇ ಇತ್ತು. ನಾಯಿಯನ್ನು ಅಪ್ಪಿಕೊಂಡು ನೀರಲ್ಲೇ ನಿಂತು ಅತ್ತುಬಿಟ್ಟೆ. ಮಗು ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಮಾಮ ಕೆರೆ ಏರಿಯನ್ನು ಸುತ್ತಿಕೊಂಡು ಓಡಿ ಬಂದರು. ಅಳು ನಿಲ್ಲುವವರೆಗೆ ಕಾದು, "ಗಂಟಲು ಪರವಾಗಿಲ್ಲ ಅಮ್ಮಾಯಿ, ಮುಳಬಾಗಿಲಿಗೆ ಕೇಳಿರುತ್ತೆ," ಅಂದರು. ಅಷ್ಟೇ.

ಅವತ್ತಿನಿಂದ ಮಾತು ಬಂತು. ಮೊದಲು ನಾಯಿಯ ಜೊತೆ, ಆಮೇಲೆ ಮನೆಯವರ ಜೊತೆ. "ನಾಯಿಯಾದ್ರೂ ನಿನ್ನ ಬಾಯಿ ಬಿಡಿಸ್ತಲ್ಲ ಬಿಡು," ಅಂದರು ಅತ್ತೆ.

ಕಾರ್ತೀಕ ಬಂತು. ಮೋಟಾರು ಬರುವ ಹಿಂದಿನ ದಿನ ಮಾಮ ಗಂಟನ್ನು ಬಿಚ್ಚಿ, ಕೌದಿ ಒಗೆದು ಒಣಗಿಸಿ ತಂದು ಕೊಟ್ಟರು. ನನಗೆ ತಡೆಯಲಾಗಲಿಲ್ಲ. "ಮಾಮ, ಸತ್ತೋಯ್ತು ಅಂತ ಹೇಳಿಬಿಡಿ. ಮಾಸ್ತಿಗೆ ತಗೊಂಡೋಗಿ ಅಪ್ಪನ ಮನೇಲಿ ಬಿಟ್ಟು ಬರ್ತೀನಿ," ಅಂದೆ.

"ನಂಬಿ ಕೊಟ್ಟಿದಾರೆ," ಅಂದರು. "ಇವನು ಅಲ್ಲಿ ಎಲ್ಲರಿಗಿಂತ ಮುಂದೆ ಇರ್ತಾನೆ, ನೋಡ್ತಿರು."

ಮರುದಿನ ಮೋಟಾರಿನಲ್ಲಿ ನಲ್ಲೋಡಿನ ಜೊತೆ ಮಾಮನೂ ಹೋದರು. ನಾಲ್ಕನೇ ದಿನ ಒಬ್ಬರೇ ಬಂದರು. ಜಗಲಿಯ ಮೇಲೆ ಕೂತು ನಾನು ಕೊಟ್ಟ ನೀರು ಕುಡಿದು ಹೇಳಿದರು:

"ಮೂರು ಹಕ್ಕೀನೂ ತಂದ ಅಮ್ಮಾಯಿ. ಒಂದು ಗರಿ ಮುರೀಲಿಲ್ಲ. ಕೋವಿ ಸದ್ದಿಗೆ ಕಿವಿ ಕೂಡ ಅಲ್ಲಾಡಿಸಲಿಲ್ಲ. ದೊರೆ ಕೈ ಚಾಚ್ಕೊಂಡು ನಿಂತಿದ್ರು. ಅವರ ಪಕ್ಕದಲ್ಲೇ ಹಾದು ಬಂದು ನನ್ನ ಕೈಗೆ ಕೊಟ್ಟ. ಮಿಕ್ಕ ದೊರೆಗಳು ನಕ್ಕರು. ಎರಡನೇ ಸಲ ನಾನು ಜನರ ಹಿಂದೆ ಹೋಗಿ ನಿಂತೆ, ಅಲ್ಲಿಗೆ ತಂದ. ಮೂರನೇ ಸಲ ಹುಣಸೇಮರದ ಹಿಂದೆ ಅವಿತುಕೊಂಡೆ..."

"ಅಲ್ಲಿಗೂ ತಂದನಾ?"

"ತಂದ."

ದೊರೆ ಬೈಯಲಿಲ್ಲವಂತೆ. ತಪ್ಪು ನಾಯಿಯದಲ್ಲ, ನಿನ್ನದು ಅಂದರಂತೆ. ಇನ್ನು ಆರು ತಿಂಗಳು ಈ ಕಡೆ ಬರಬೇಡ, ಅದು ನಿನ್ನನ್ನು ಮರೆಯಬೇಕು ಅಂತಲೂ ಹೇಳಿದರಂತೆ.

"ಅವರು ಅಂದಿದ್ದು ಸರೀನೇ," ಅಂದರು ಮಾಮ. "ತರೋದು ಕಲಿಸಿದೆ. ಯಾರಿಗೆ ಕೊಡಬೇಕು ಅನ್ನೋದು ಕಲಿಸಲಿಲ್ಲ."

ಆಮೇಲೆ ಅವರು ಕೆರೆಗೆ ಹೋಗುವುದನ್ನೇ ಬಿಟ್ಟರು. ಹದಿನೈದು ದಿನ ಕಳೆದಿರಬೇಕು, ಚಳಿಜ್ವರ ಹಿಡಿಯಿತು. ಒಂದು ದಿನ ಬಿಟ್ಟು ಒಂದು ದಿನ ಬರುವ ಜ್ವರ. ಬಂದ ದಿನ ಎರಡು ಕಂಬಳಿ ಹೊದಿಸಿದರೂ ಮಂಚ ಗಡಗಡ ಅನ್ನುತ್ತಿತ್ತು. ನನ್ನ ಗಂಡ ಅಂಚೆ ಕಚೇರಿಯಿಂದ ಕ್ವಿನೈನ್ ಪೊಟ್ಟಣ ತಂದರು. ನಾನು ಗಂಜಿ ಕಾಯಿಸಿ ಕೊಡುತ್ತಿದ್ದೆ. ಅಂಥ ಒಂದು ಮಧ್ಯಾಹ್ನ, ಮಾಮ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದಾಗ, ದೊರೆಯ ಮನೆಯ ಆಳು ಬಸ್ಸಿನಲ್ಲಿ ಬಂದ.

"ನಾಯಿ ಅನ್ನ ಬಿಟ್ಟು ವಾರ ಆಯ್ತಮ್ಮ. ಗೇಟು ಬಿಟ್ಟು ಕದಲಲ್ಲ. ಇವರು ಬೇಗ ಬರಬೇಕು ಅಂದ್ರು ದೊರೆ. ಎದ್ದ ತಕ್ಷಣ ಹೇಳಿ," ಅಂದು ಅದೇ ಬಸ್ಸಿಗೆ ಹೊರಟುಹೋದ.

ಮರುದಿನ ಜ್ವರ ಬಿಟ್ಟಿತ್ತು. ಮಾಮ ಗೋಡೆಗೆ ಒರಗಿ ಕೂತು ಗಂಜಿ ಕುಡಿದರು. ನಾನು ಎದುರಿಗೇ ಕೂತಿದ್ದೆ. ಹೇಳಲಿಲ್ಲ. ನಾಳೆ ಮತ್ತೆ ಜ್ವರ ಬರುವ ದಿನ, ಈ ಮನುಷ್ಯ ಈಗಲೇ ಎದ್ದು ಹೊರಟರೆ ದಾರಿಯಲ್ಲಿ ಬೀಳುತ್ತಾರೆ ಅಂದುಕೊಂಡೆ. ಅದು ನಿಜ. ಆದರೆ ಪೂರ್ತಿ ನಿಜ ಅಲ್ಲ. ಅಲ್ಲಿಗೆ ಹೋದರೆ ದೊರೆ ಅವರನ್ನು ನಾಯಿಯ ಜೊತೆ ಅಲ್ಲೇ ಇಟ್ಟುಕೊಂಡುಬಿಡುತ್ತಾರೆ, ಗೋಡೆಯ ಆಚೆ ನನಗೆ ಯಾರೂ ಇರುವುದಿಲ್ಲ ಅನ್ನುವ ಭಯವೂ ಇತ್ತು. ಎಷ್ಟು ಅದು, ಎಷ್ಟು ಇದು ಅಂತ ಈಗಲೂ ಬಿಡಿಸಿ ಹೇಳಲಾರೆ.

ಮತ್ತೆ ಜ್ವರ ಬಂದು ಬಿಟ್ಟ ಮೇಲೆ, ಮೂರನೇ ದಿನ ಬೆಳಿಗ್ಗೆ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಮಾಮ ಕಂಬಳಿ ಹೆಗಲಿಗೆ ಹಾಕಿಕೊಂಡಿದ್ದರು.

"ಯಾವಾಗ ಬಂದಿದ್ದ ಅವನು?"

"ನಿನ್ನೆ ಸಂಜೆ," ಅಂದೆ.

ನನ್ನ ಗಂಡ ಜೊತೆಗೆ ಬರುತ್ತೇನೆ ಅಂದರೂ ನಿಲ್ಲಲಿಲ್ಲ. ಬಸ್ಸು ಬರುವವರೆಗೂ ಕಾಯದೆ ಮುಳಬಾಗಿಲ ಕಡೆ ನಡೆದೇ ಬಿಟ್ಟರು.

ಮರುದಿನ ಸಂಜೆ ಬಂದರು. ಕಾಲಿಗೆ ನೀರು ಕೊಟ್ಟೆ. ತೊಳೆದುಕೊಂಡು ಜಗಲಿಯ ಮೇಲೆ ಕೂತು, "ನಾನು ಹೋಗೋ ಹಿಂದಿನ ದಿನವೇ ಹೋಗಿಬಿಟ್ಟಿದ್ದ," ಅಂದರು. "ಹಿತ್ತಲಲ್ಲಿ ಹೂಳಿದಾರೆ. ಜಾಗ ತೋರಿಸಿದ್ರು. ದೊರೆ ಕಣ್ಣಲ್ಲೂ ನೀರು ಬಂತು, ಪಾಪ." ಆಮೇಲೆ, "ಆ ಆಳಿನ ಜೊತೆ ಮಾತಾಡಿದೆ," ಅಂದರು.

ನಾನು ಚೆಂಬು ಹಿಡಿದುಕೊಂಡು ನಿಂತಿದ್ದೆ. ಆಳು ತಾನು ಬಂದಿದ್ದ ದಿನ ಹೇಳದೆ ಇರುತ್ತಾನೆಯೇ? ಮುಂದಿನ ಮಾತಿಗೆ ಕಾದೆ.

"ಕತ್ತಲಾಗ್ತಾ ಬಂತು ಅಮ್ಮಾಯಿ, ಒಳಗೆ ಹೋಗು. ನಿಮ್ಮತ್ತೆ ಕಾಯ್ತಿರ್ತಾರೆ," ಅಂದರು.

ಆಮೇಲೆ ವರ್ಷಕ್ಕೂ ಹೆಚ್ಚು ಕಾಲ ಅದೇ ಗೋಡೆಯ ಆಚೆ ಈಚೆ ಇದ್ದೆವು. ಮಾತು ನಿಲ್ಲಿಸಲಿಲ್ಲ, ಮುಖ ತಿರುಗಿಸಲಿಲ್ಲ. ಎದ್ಯಾ, ಊಟ ಆಯ್ತಾ, ಎಲ್ಲ ಮೊದಲಿನ ಹಾಗೇ. ಅದೇ ನನಗೆ ಕಷ್ಟವಾಗುತ್ತಿತ್ತು. ಬೈದಿದ್ದರೆ ಅತ್ತು ಮುಗಿಸುತ್ತಿದ್ದೆನೇನೋ... ಜ್ವರ ಮಾತ್ರ ಅವರನ್ನು ಪೂರ್ತಿ ಬಿಡಲಿಲ್ಲ. ಅವತ್ತು ನಡೆದು ಹೋಗಿ ಬಂದ ಮೇಲೆ ಮೈ ಸುಧಾರಿಸಲೇ ಇಲ್ಲ. ನನ್ನ ಮಗಳು ಹುಟ್ಟಿದಾಗ ನೋಡಲು ಬಂದರು. ಅಂಗೈಗಳನ್ನು ಕೆಳಗೆ ಕೊಟ್ಟು ಮಗುವನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದರು. ಕೋಣೆಯಲ್ಲಿ ನಾವಿಬ್ಬರೇ. "ಮಾಮ, ಅವತ್ತು..." ಅಂತ ಶುರು ಮಾಡಿದೆ. ಅವರು ತಲೆ ಎತ್ತಿ ನನ್ನ ಮುಖ ನೋಡಿದರು, ಕಾದರು. ಅಷ್ಟರಲ್ಲಿ ಅತ್ತೆ ಬಿಸಿನೀರು ತಗೊಂಡು ಒಳಗೆ ಬಂದರು. ಮಾಮ ಮಗುವನ್ನು ನನ್ನ ಪಕ್ಕ ಮಲಗಿಸಿ ಹೋದರು.

ಆ ಬೇಸಿಗೆಯಲ್ಲಿ ಮಾಮನ ತಂಗಿ ಬಂದು ಅವರನ್ನು ಶ್ರೀನಿವಾಸಪುರಕ್ಕೆ ಕರೆದುಕೊಂಡು ಹೋದಳು. ಸಂಕ್ರಾಂತಿಗೆ ಬರ್ತೀನಿ ಅಂದಿದ್ದರು. ಸಂಕ್ರಾಂತಿಗೆ ಮುಂಚೆಯೇ ತೀರಿಕೊಂಡರು ಅನ್ನುವ ಸುದ್ದಿ ನಮಗೆ ಹಬ್ಬ ಕಳೆದು ತಿಂಗಳಾದ ಮೇಲೆ ಬಂತು.

ಅತ್ತೆ ಹೋದರು, ಗಂಡ ಹೋದರು. ಆ ಎರಡು ಮನೆಗಳೂ ಈಗ ಇಲ್ಲ. ಅವತ್ತು ನನ್ನ ಪಕ್ಕದಲ್ಲಿ ಮಲಗಿದ್ದ ಮಗಳಿಗೆ ಈಗ ಮೊಮ್ಮಕ್ಕಳಿದ್ದಾರೆ. ಅವಳಿಗೂ ನಾನು ಇದನ್ನು ಹೇಳಿಲ್ಲ. ಹೇಳಬೇಕಾಗಿದ್ದದ್ದು ಒಬ್ಬರಿಗೆ ಮಾತ್ರ. ಅವರಿಗೆ ಮೊದಲೇ ಗೊತ್ತಿತ್ತು. ಆದರೂ ನಾನು ಹೇಳಬೇಕಾಗಿತ್ತು.