ಊಟದ ಮೇಜಿನ ಶಾಲೆಗೆ ಸೇರಿದ ಎರಡನೆಯವಳು

ಎರಡು ಸಲ ಹಾರ್ನ್. ಮೊದಲನೆಯದು ಗಿಡ್ಡ, ಎರಡನೆಯದು ಉದ್ದ. ಬೆಳಿಗ್ಗೆ ಎಂಟೂ ಹತ್ತಕ್ಕೆ ಸ್ಕೂಲ್ ವ್ಯಾನಿನ ಡ್ರೈವರ್ ನಮ್ಮ ಗೇಟಿನ ಮುಂದೆ ಹಾಗೆ ಬಾರಿಸುತ್ತಿದ್ದ. ಮೊಮ್ಮಗಳನ್ನು ಶಾಲೆ ಬಿಡಿಸಿದ ಮೇಲೂ ಒಂದು ವಾರ ರೂಢಿಯಿಂದ ಬಾರಿಸಿದ. ಪ್ರತಿ ಸಲವೂ ಅವಳು ಊಟದ ಮೇಜಿನಿಂದ ತಲೆ ಎತ್ತಿ ನನ್ನ ಮುಖ ನೋಡುತ್ತಿದ್ದಳು. ಮುಂದಿನ ಸೋಮವಾರ ವ್ಯಾನು ಸುಮ್ಮನೆ ಹೋಯಿತು. ರಾಣೆಬೆನ್ನೂರಿನಂಥ ಗದ್ದಲದ ಊರಿನಲ್ಲಿ ನಮ್ಮ ಓಣಿ ಇಷ್ಟೊಂದು ಸೈಲೆಂಟ್ ಆಗಬಲ್ಲದು ಎಂದು ನನಗೆ ಗೊತ್ತಾದದ್ದು ಆ ದಿನ.

ಶಾಲೆ ಬಿಡಿಸುವ ವಿಚಾರ ಸೊಸೆಯದು. ಅವಳು ಹಾವೇರಿಯ ಆಸ್ಪತ್ರೆಯಲ್ಲಿ ನರ್ಸ್. ನಮ್ಮ ಚರ್ಚಿನ ಸಭೆಯ ಕುಟುಂಬ ಶಿಬಿರವೊಂದರಲ್ಲಿ ತಮ್ಮ ಮಕ್ಕಳಿಗೆ ಮನೆಯಲ್ಲೇ ಕಲಿಸುವ ಗಂಡಹೆಂಡತಿಯನ್ನು ನೋಡಿ ಬಂದಿದ್ದಳು. ನಮ್ಮ ಹುಡುಗಿ ಆಗ ಮೂರನೆಯ ಕ್ಲಾಸು. ದಿನಾ ಬೆಳಿಗ್ಗೆ ಹೊಟ್ಟೆನೋವು. ಡಾಕ್ಟರ್ ನೋಡಿ ಏನೂ ಇಲ್ಲ ಎಂದಿದ್ದರು. ಓದು ಬಾರದೆ ಕ್ಲಾಸಿನಲ್ಲಿ ನಿಂತೇ ಇರುತ್ತಾಳೆಂದು ಆಮೇಲೆ ತಿಳಿಯಿತು.

"ಬೂಟು ಹುಡುಕೋದ್ರಾಗ ನಮ್ಮ ಮುಂಜಾನಿ ಪ್ರಾರ್ಥನಾ ಮುಗೀತದ ಅತ್ತಿ," ಎಂದಳು ಸೊಸೆ. "ಆಮೆನ್ ಅನ್ನೋದ್ರಾಗ ವ್ಯಾನ್ ಬಂದಿರ್ತದ. ದೇವರನ್ನ ನಡುವ ಇಟ್ಕೊಂಡು ಕಲೀಲಿ ಅಂತ ನನಗ ಆಶಾ. ಗಡಿಬಿಡ್ಯಾಗ ಅಲ್ಲ."

ಮಗ ಬೀಜದ ಕಂಪನಿಯವನು. ಬೆಳಗಾದರೆ ಬೈಕ್ ಹತ್ತಿ ಮೇಡ್ಲೇರಿ ಕಡೆಯ ಹೊಲಗಳಿಗೆ ಹೋಗುವವನು. ಅವನು ನನ್ನನ್ನು ನೋಡಿದ. ಸೊಸೆಯೂ ನನ್ನನ್ನೇ ನೋಡಿದಳು. ನಾನು ಕಾನ್ವೆಂಟ್ ಬೋರ್ಡಿಂಗಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಬೆಳೆದವಳು. ಓದು ಮುಗಿದ ಮೇಲೆ ರಿಟೈರ್ ಆಗುವವರೆಗೂ ಇಂಗ್ಲಿಷ್ ಕಲಿಸಿದವಳು. ನಮ್ಮ ಮನೆಯವರು ತೀರಿಕೊಂಡು ಎರಡು ವರ್ಷವಾಗಿತ್ತು. ಇವರೆಲ್ಲ ಹೊರಗೆ ಹೋದ ಮೇಲೆ ಹತ್ತರಿಂದ ನಾಲ್ಕರವರೆಗೆ ಮನೆಯಲ್ಲಿ ಗಡಿಯಾರವೂ ನಾನೂ ಇಬ್ಬರೇ. ಆಗಲಿ ಎಂದೆ. ಮಗುವಿಗಾಗಿ ಎಂದು ನಾನೂ ನಂಬಿದ್ದೆ.

ಟಿಸಿ ತರಲು ನಾನೇ ಹೋದೆ. ಆಫೀಸಿನ ಕ್ಲರ್ಕು ಪೆನ್ನು ಎತ್ತಿ ಹಿಡಿದು ಕೇಳಿದ: "ಯಾವ ಸಾಲಿಗೆ ಹಾಕ್ತೀರಿ ಅಕ್ಕಾರ?"

"ಮನ್ಯಾಗ ಕಲಸ್ತೀವ್ರಿ."

"ಹಂಗಾರ ಹೆಡ್ ಮಿಸ್ಸು?"

"ನಾನ."

"ಪ್ಯೂನು?"

"ಅದೂ ನಾನ."

"ಮತ್ತ ನಿಮಗ ಜಡ್ಡಾದ್ರ ರಜಾ ಚೀಟಿ ಯಾರಿಗೆ ಕೊಡ್ತೀರಿ?" ಎಂದು ನಕ್ಕ. ನಾನೂ ನಕ್ಕೆ. ಬರುವಾಗ ಸ್ಟೇಷನರಿ ಅಂಗಡಿಗೆ ಹೋಗಿ ಒಂದು ಅಟೆಂಡೆನ್ಸ್ ರಿಜಿಸ್ಟರ್ ಕೊಂಡುಕೊಂಡೆ.

ಸೊಸೆ ಹೇಳಿದ್ದೇ ಬೇರೆ. "ಮೊದಲ ಎರಡು ತಿಂಗಳು ಪುಸ್ತಕ ತಗೀಬ್ಯಾಡ್ರಿ ಅತ್ತಿ. ಶಿಬಿರದಾಗ ಹಂಗ ಹೇಳ್ಯಾರ. ಮುಂಜಾನೆ ಕುಂತು ಬೈಬಲ್ ವಾಕ್ಯ ಓದೋಣು. ಆಮ್ಯಾಲೆ ಅಕಿನ್ನ ಜೋಡಿ ಕರಕೊಂಡು ರೊಟ್ಟಿ ಬಡೀರಿ, ಸಂತಿಗೆ ಹೋಗ್ರಿ, ಕತಿ ಹೇಳ್ರಿ. ಮೊದಲ ಸಾಲಿ ಅಂಜಿಕಿ ಮೈಯಿಂದ ಇಳೀಲಿ."

ಹೂಂ ಎಂದೆ. ಅವಳು ಹಾವೇರಿ ಬಸ್ ಹತ್ತಿದ ಮೇಲೆ ಚಾರ್ಟ್ ಪೇಪರ್ ಬಿಚ್ಚಿ ಟೈಮ್‌ಟೇಬಲ್ ಬರೆದೆ. ಒಂಬತ್ತಕ್ಕೆ ಅಸೆಂಬ್ಲಿ. ಒಂಬತ್ತೂವರೆಗೆ ರೀಡಿಂಗ್. ಹನ್ನೊಂದಕ್ಕೆ ಹತ್ತು ನಿಮಿಷ ರಿಸೆಸ್. ಹಿತ್ತಾಳೆಯ ಕೈಗಂಟೆ ತೊಳೆದು ಮೇಜಿನ ಮೇಲೆ ಇಟ್ಟೆ. ಒಂಬತ್ತರಿಂದ ಒಂದರವರೆಗೆ ನನ್ನನ್ನು ಅಜ್ಜಿ ಅನ್ನಬಾರದು, ಮಿಸ್ ಅನ್ನಬೇಕು ಎಂದು ಮೊಮ್ಮಗಳಿಗೆ ಹೇಳಿದೆ. ರಿಜಿಸ್ಟರ್ ತೆರೆದು ಅದರಲ್ಲಿದ್ದ ಒಂದೇ ಹೆಸರು ಕರೆದೆ. "ಪ್ರೆಸೆಂಟ್ ಮಿಸ್," ಎಂದಳು. ಯಾರೋ ನಕ್ಕಾರೆಂಬಂತೆ ಆಚೀಚೆ ನೋಡಿದಳು. ನಗಲು ಯಾರೂ ಇರಲಿಲ್ಲ.

ನನಗೆ ಬೇರೆ ರೀತಿ ಗೊತ್ತಿರಲಿಲ್ಲ ಎನ್ನುವುದು ನಿಜ. ಬೋರ್ಡಿಂಗಿನಲ್ಲಿ ನಮಗೆ ಪ್ರೀತಿ ಸಿಕ್ಕಿದ್ದೂ ಗಂಟೆಯ ಪ್ರಕಾರವೇ. ಆದರೆ ಅದಷ್ಟೇ ಅಲ್ಲ. ನನಗೂ ಒಂದು ಕ್ಲಾಸು ಬೇಕಾಗಿತ್ತು.

ನಮ್ಮ ಹಿಂದಿನ ಮನೆಯಲ್ಲಿ ಒಂದು ಸಾಬರ ಕುಟುಂಬವಿತ್ತು. ಯಜಮಾನ ಟೆಂಪೋ ಓಡಿಸುತ್ತಿದ್ದ. ಅವರಿಗೆ ನಮ್ಮವಳದೇ ವಯಸ್ಸಿನ ಮಗಳು. ತನ್ನ ಶಾಲೆ ಬಿಟ್ಟು ಬಂದವಳೇ ನಾಲ್ಕೂವರೆಗೆ ನಮ್ಮ ಹಿತ್ತಲ ಬಾಗಿಲು ತಳ್ಳುತ್ತಿದ್ದಳು. ಇಬ್ಬರೂ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಐದು ಕಲ್ಲಿನ ಆಟ ಆಡುತ್ತಿದ್ದರು. ಅವಳು ಉರ್ದುವಿನಲ್ಲಿ ಎಣಿಸುವಳು, ನಮ್ಮವಳು ಇಂಗ್ಲಿಷಿನಲ್ಲಿ. ಜಗಳ ಮಾತ್ರ ಕನ್ನಡದಲ್ಲಿ.

"ಕಳ್ಳಿ, ಕಲ್ಲು ಮುಟ್ಟೀದಿ!"

"ನಾ ಎಲ್ಲಿ ಮುಟ್ಟೇನಿ? ಗಾಳಿ ಮುಟ್ಟೇತಿ."

"ಗಾಳಿಗೇನ್ ಬಳಿ ಹಾಕ್ಯಾರೇನು? ಸಪ್ಪಳ ಕೇಳ್ತು."

ಶಾಲೆ ಬಿಟ್ಟ ನಮ್ಮ ಹುಡುಗಿಗೆ ಗೆಳತಿ ಅಂತ ಉಳಿದಿದ್ದವಳು ಅವಳೊಬ್ಬಳೇ. ಮೂರೂವರೆಯಿಂದಲೇ ಇವಳ ಕಣ್ಣು ಹಿತ್ತಲ ಚಿಲಕದ ಮೇಲೆ. ಒಂದು ದಿನ ಆ ಹುಡುಗಿಯ ತಾಯಿ ಗೋಡೆಯ ಮೇಲಿಂದ ಚೇಷ್ಟೆಗೆ ಕೇಳಿದಳು: "ಯಾಕವಾ, ನಿಮ್ಮ ಸಾಲ್ಯಾಗ ನೀ ಫಸ್ಟ್ ಏನು?"

"ಫಸ್ಟೂ ನಾನ, ಲಾಸ್ಟೂ ನಾನ," ಎಂದಳು ಮೊಮ್ಮಗಳು.

ತಾಯಿ ಹೊಟ್ಟೆ ಹಿಡಿದು ನಕ್ಕಳು. ನಾನೂ ಅದನ್ನು ಜೋಕ್ ಎಂದುಕೊಂಡೆ. ರಾತ್ರಿ ಊಟದಲ್ಲಿ ಎಲ್ಲರಿಗೂ ಹೇಳಿದೆ. ಸೊಸೆ ನಗಲಿಲ್ಲ.

ಒಂದು ಸಂಜೆ ಆ ಹುಡುಗಿ ತನ್ನ ಇಂಗ್ಲಿಷ್ ನೋಟ್‌ಬುಕ್ಕನ್ನು ಕಲ್ಲಿನ ಮೇಲೆ ಬಿಟ್ಟು ಆಡುತ್ತಿದ್ದಳು. ತೆಗೆದು ನೋಡಿದೆ. ಅಕ್ಷರ ಕಾಗೆಯ ಕಾಲು, ಆದರೆ ಬುದ್ಧಿ ಚುರುಕು. ನೋಡಿದರೇ ಗೊತ್ತಾಗುತ್ತಿತ್ತು. ಇಂಥ ಮಗು ವೇಸ್ಟ್ ಆಗಬಾರದು ಎನಿಸಿತು. ಮರುದಿನವೇ ತಾಯಿಯನ್ನು ಕೇಳಿದೆ, ನಾನು ಕಲಿಸುತ್ತೇನೆ, ಫೀಸು ಬೇಡ.

"ಅಕ್ಕಾರು ತಾವಾಗೇ ಕಲಸ್ತೀನಿ ಅಂದ್ರ ಯಾರು ಬ್ಯಾಡಂತಾರ್ರಿ? ನಮ್ಮ ನಸೀಬ," ಎಂದಳು.

ರಿಜಿಸ್ಟರಿನಲ್ಲಿ ಎರಡನೆಯ ಹೆಸರು ಬರೆದೆ. ಆ ಹೆಸರು ಬರೆಯುವಾಗ ಆದ ಸಂತೋಷ ಈಗಲೂ ನೆನಪಿದೆ. ನಾಲ್ಕೂವರೆಗೆ ಗಂಟೆ ಬಾರಿಸಿದೆ. ಇಬ್ಬರೂ ಪಕ್ಕಪಕ್ಕದ ಕುರ್ಚಿ ಎಳೆದುಕೊಂಡು ಕೂತರು. ಗೆಳತಿಯರನ್ನು ಒಂದೇ ಬೆಂಚಿನಲ್ಲಿ ಕೂರಿಸಬಾರದು ಎಂಬುದು ನಮ್ಮ ಸಿಸ್ಟರ್‌ಗಳ ಕಟ್ಟುನಿಟ್ಟಾದ ರೂಲು. ಯಾರಿಗೆ ಯಾರು ಪ್ರಾಣವೋ ಅವರನ್ನೇ ಹುಡುಕಿ ಬೇರೆ ಮಾಡುತ್ತಿದ್ದರು. ನಾನೂ ಒಬ್ಬಳನ್ನು ಮೇಜಿನ ಈ ತುದಿಗೆ, ಇನ್ನೊಬ್ಬಳನ್ನು ಆ ತುದಿಗೆ ಕೂರಿಸಿದೆ. ಇಂಗ್ಲಿಷ್ ಓನ್ಲಿ ಎಂದೆ. ಮೊದಲು ಪ್ರಾರ್ಥನೆ, ಆಮೇಲೆ ಸ್ಪೆಲಿಂಗ್, ಕರ್ಸಿವ್, ಕಡೆಗೆ ಆಟ. ಕಡೆಯದು ಬರುವಷ್ಟರಲ್ಲಿ ಮಸೀದಿಯಲ್ಲಿ ಸಂಜೆಯ ಮಗ್ರಿಬ್ ಆಜಾನ್ ಆಗಿ, ತಾಯಿ ಗೋಡೆಯಾಚೆಯಿಂದ ಮಗಳನ್ನು ಕೂಗುತ್ತಿದ್ದಳು. ನಾಳೆ ಆಡೀರಂತೆ ಎನ್ನುತ್ತಿದ್ದೆ. ಹಾಗೆ ಎಷ್ಟು ನಾಳೆಗಳು ಹೋದವೋ.

ಆ ಹುಡುಗಿಯ ಅಕ್ಷರ ಮುತ್ತಿನಂತಾಯಿತು. ನನ್ನ ಮೊಮ್ಮಗಳ ಅಕ್ಷರ ಕೆಟ್ಟಿತು. ಅದನ್ನೂ ತೋರಿಸಿ ಗದರಿದೆ: ನಿನ್ನ ಫ್ರೆಂಡ್ ನೋಡು. ಮೇಜಿನ ಎರಡು ತುದಿಯಿಂದ ಇಬ್ಬರೂ ತಲೆ ತಗ್ಗಿಸಿದರು.

ರವಿವಾರ ಸಭೆಯಿಂದ ಬಂದು ಪಾತ್ರೆ ತೊಳೆಯುತ್ತ ಸೊಸೆ ಮೆಲ್ಲಗೆ ಹೇಳಿದಳು: "ಅತ್ತಿ, ಒಂದು ಸಾಲಿ ಬಿಡಿಸಿದ್ದು ಇನ್ನೊಂದು ಸಾಲಿ ತಗ್ಯಾಕಲ್ಲ."

ನಾನು ಎರಡು ದಿನ ಅವಳೊಂದಿಗೆ ಮಾತಾಡಲಿಲ್ಲ. ಅವಳದು ತಪ್ಪು ಎಂದಲ್ಲ. ಅಷ್ಟು ಸರಿಯಾಗಿ ಹೇಳಿದಳಲ್ಲ ಎಂದು.

ಆಮೇಲೆ ಎರಡನೆಯ ಹೆಸರಿನ ಮುಂದೆ ಆಬ್ಸೆಂಟ್ ಬೀಳತೊಡಗಿತು. ಒಂದು ದಿನ ಜ್ವರ. ಒಂದು ದಿನ ಮದುವೆ. ಮೂರನೆಯ ಸಲ ಅವಳ ತಮ್ಮನ ಕೈಯಲ್ಲಿ ಹೇಳಿ ಕಳಿಸಿದರು, ಅಕ್ಕನಿಗೆ ಹೊಟ್ಟೆನೋವಂತೆ. ಇದೇ ಹೊಟ್ಟೆನೋವನ್ನು ನೋಡಿ ನಾವು ನಮ್ಮ ಮಗುವನ್ನು ಶಾಲೆ ಬಿಡಿಸಿದ್ದೆವು. ಆದರೂ ನನಗೆ ಹೊಳೆಯಲಿಲ್ಲ. ಓಮದ ನೀರು ಕಾಯಿಸಿ ಕಳಿಸಿದೆ.

ವಾರವಾದರೂ ಬರದಿದ್ದಾಗ ಗೋಡೆಯ ಹತ್ತಿರ ಹೋಗಿ ತಾಯಿಯನ್ನು ಕರೆದೆ. ಒಳಗೆ ಅಳುಕೊಂದಿತ್ತು. "ನಾವು ಪ್ರಾರ್ಥನಾ ಮಾಡಸ್ತೀವಂತ ಏನರ ಬ್ಯಾಸರಾತೇನು?"

"ಅಯ್ಯ, ತಗೀರಿ," ಎಂದಳು. "ದೇವರ ಹೆಸರು ಯಾರು ತಗೊಂಡ್ರೂ ಒಳ್ಳೇದರಿ. ಅದಲ್ಲ." ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡಿದಳು. "ಹುಡುಗಿ ಆಡಾಕ ಬರ್ತಿತ್ರಿ ಅಕ್ಕಾರ. ಅಷ್ಟ."

ಮುಂದೆ ಅವಳೇ ಹೇಳಿದಳು, ತಿಂಗಳ ಕಡೆಗೆ ಬ್ಯಾಡಗಿಗೆ ಹೋಗುತ್ತೇವೆ, ಇವರಿಗೆ ಅಲ್ಲಿ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಸಿಕ್ಕಿದೆ ಎಂದು.

ಗಂಟೆಯನ್ನು ಕಪಾಟಿನಲ್ಲಿಟ್ಟೆ. ಹಿತ್ತಲ ಬಾಗಿಲನ್ನು ಹಗಲೆಲ್ಲ ತೆರೆದೇ ಇಟ್ಟೆ. ಆ ಹುಡುಗಿ ಎರಡು ಸಲ ಬಂದಳು. ಇಬ್ಬರೂ ಕಲ್ಲಿನ ಮೇಲೆ ಕೂತರು, ಒಬ್ಬಳು ಈ ತುದಿಗೆ, ಒಬ್ಬಳು ಆ ತುದಿಗೆ. ಯಾರೂ ಕೂರಿಸದೆ. ಜಗಳ ಆಗಲಿಲ್ಲ. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು, ಜಗಳ ಆಡಲಿ ದೇವರೇ ಎಂದು ಬೇಡಿಕೊಂಡೆ. ಆಮೇಲೆ ಅವರ ಸಾಮಾನು ಟೆಂಪೋದಲ್ಲಿ ಹೋಯಿತು.

ಸೊಸೆಯ ರೀತಿಯಲ್ಲಿ ಹೋಮ್‌ಸ್ಕೂಲಿಂಗ್ ಶುರುವಾದದ್ದು ಅದಾದ ಮೇಲೆ. ಬೆಳಿಗ್ಗೆ ಚಾಪೆಯ ಮೇಲೆ ಕೂತು ವಾಕ್ಯ ಓದುತ್ತಿದ್ದೆವು. ನಿಂತು ಓದೆಂದು ಯಾರೂ ಹೇಳುವವರಿಲ್ಲದೆ ಮಗು ಒಂದೊಂದೇ ಸಾಲು ಬಿಡಿಸಿ ಓದತೊಡಗಿತು. ಸಂತೆಯಲ್ಲಿ ತೂಕ ಕಲಿತಳು. ಅಪ್ಪನ ಬೈಕಿನಲ್ಲಿ ಹೋಗಿ ಹೊಲದಲ್ಲಿ ಹೆಣ್ಣುಮಕ್ಕಳು ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುವುದನ್ನು ನೋಡಿ ಬಂದು, ನನಗೇ ಪಾಠ ಹೇಳಿದಳು. ಹೊಟ್ಟೆನೋವು ಹೋಯಿತು. ಎಲ್ಲವೂ ಸೊಸೆ ಅಂದುಕೊಂಡ ಹಾಗೆಯೇ. ಈಗವಳು ಓಪನ್ ಸ್ಕೂಲಿಂಗ್ ಪರೀಕ್ಷೆಗೆ ಕಟ್ಟಿದ್ದಾಳೆ, ಪಾಸಾಗುತ್ತಾಳೆ. ಆದರೆ ಆ ವರ್ಷ ನಾಲ್ಕೂವರೆ ಆಯಿತೆಂದರೆ ಅವಳು ಏನು ಮಾಡುತ್ತಿದ್ದರೂ ಅಷ್ಟಕ್ಕೇ ನಿಲ್ಲಿಸಿ, ಹಿತ್ತಲ ಬಾಗಿಲ ಕಡೆ ನೋಡುತ್ತಿದ್ದಳು. ಕಂಪ್ಲೇಂಟ್ ಮಾಡುವ ಮಗುವಲ್ಲ. ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ವರ್ಷವೇ ಮೆಣಸಿನಕಾಯಿ ಸುಗ್ಗಿ ಬಂದಾಗ, ಒಂದು ರವಿವಾರ ಸಭೆ ಮುಗಿಸಿಕೊಂಡು, ಯಾರಿಗೂ ಹೇಳದೆ ಮೊಮ್ಮಗಳ ಕೈ ಹಿಡಿದು ಬ್ಯಾಡಗಿ ಬಸ್ ಹತ್ತಿದೆ. ಫೋನ್ ಮಾಡಿದರೆ ಅವರ ನಂಬರ್ ಹತ್ತುತ್ತಿರಲಿಲ್ಲ. ಕೋಲ್ಡ್ ಸ್ಟೋರೇಜಿನ ಕಾವಲುಗಾರ, ಆ ಹುಡುಗಿಯ ತಾಯಿ ಮೆಣಸಿನಕಾಯಿ ಆರಿಸಲು ಹೋಗುತ್ತಾಳೆಂದು ಒಂದು ಅಂಗಳ ತೋರಿಸಿದ. ನೆಲವೆಲ್ಲ ಕೆಂಪು. ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸರು ರಾಶಿಯ ಸುತ್ತ ಕೂತು ತೊಟ್ಟು ಮುರಿಯುತ್ತಿದ್ದರು. ನಾವಿಬ್ಬರೂ ಕೆಮ್ಮುತ್ತ ನಿಂತೆವು.

ತಾಯಿಯೇ ಗುರುತು ಹಿಡಿದು ಎದ್ದು ಬಂದಳು. "ಅಕ್ಕಾರ, ಈ ಘಾಟಿನ್ಯಾಗ ಯಾಕ ಬಂದ್ರಿ? ಕೂಸಿನ ಕಣ್ಣು ನೋಡ್ರಿ." ಹಿಂದೆ ಮಗಳು. ರಜೆಯ ದಿನವಾದ್ದರಿಂದ ತಾಯಿಯ ಜೊತೆ ಬಂದಿದ್ದಳು. ಉದ್ದವಾಗಿದ್ದಳು. ಅವಳೂ ಬಾಯಿಗೆ ಓಢಣಿ ಸುತ್ತಿಕೊಂಡಿದ್ದಳು.

"ಮಾತಾಡ್ರೆ," ಎಂದಳು ತಾಯಿ. "ಬಾಯಿಗೆ ಬಟ್ಟಿ ಕಟ್ಟೀವಿ, ಬೀಗ ಹಾಕಿಲ್ಲ."

ಹುಡುಗಿಯರು ಒಬ್ಬರನ್ನೊಬ್ಬರು ನೋಡಲಿಲ್ಲ. ಇಬ್ಬರೂ ಒಟ್ಟಿಗೆ ನನ್ನನ್ನು ನೋಡಿದರು, ಮಾತಾಡಬಹುದೇ ಎಂದು ಅಪ್ಪಣೆ ಕೇಳುವವರ ಹಾಗೆ.

ಚಹಾ ಕುಡಿದು ಬರುತ್ತೇನೆ ಎಂದೆ. ಬೇಕಾಗಿರಲಿಲ್ಲ. ಗೇಟಿನವರೆಗೆ ಹೋಗಿ ಹೊರಳಿ ನೋಡಿದೆ. ಆ ಹುಡುಗಿ ತನ್ನ ಓಢಣಿಯ ಇನ್ನೊಂದು ತುದಿಯನ್ನು ನಮ್ಮವಳ ಬಾಯಿಗೂ ಸುತ್ತಿ, ಪಕ್ಕದಲ್ಲಿ ಕೂರಿಸಿಕೊಂಡು, ತೊಟ್ಟು ಹೇಗೆ ಮುರಿಯಬೇಕೆಂದು ತೋರಿಸುತ್ತಿದ್ದಳು. ಅವಳನ್ನು ನಾನು ನೋಡಿದ್ದು ಅದೇ ಕಡೆಯ ಸಲ. ಕೆಂಪು ರಾಶಿಯ ಮುಂದೆ ಎರಡು ತಲೆ, ಒಂದೇ ಬಟ್ಟೆ. ಅದರ ಹಿಂದೆ ಅವರು ಮಾತಾಡುತ್ತಿದ್ದರೋ ಇಲ್ಲವೋ, ಅಷ್ಟು ದೂರದಿಂದ ನನಗೆ ಕಾಣಲಿಲ್ಲ.