ಶಾರದಕ್ಕ ಹುಡುಕಿದ ದಾರ

ಮೊನ್ನೆ ಮೂಡಿಗೆರೆಯ ನನ್ನ ಅಂಗಡಿಯಲ್ಲಿ ಗೋಡೆಯಗಲದ ಹೊಸ ಟಿವಿಯೊಂದನ್ನು ಡಬ್ಬಿಯಿಂದ ಬಿಚ್ಚಿದೆ. ಹೊಸ ಪ್ಲಾಸ್ಟಿಕ್ಕಿನ ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಈಗಲೂ ಮದುವೆಮನೆ ಹೊಕ್ಕ ಹಾಗೆ. ಗಿರಾಕಿಗಳು ಬೆರಗಾಗಲೆಂದು ಯಾವುದೋ ಅಂತರಿಕ್ಷದ ಧಾರಾವಾಹಿ ಹಾಕಿದೆ. ನಕ್ಷತ್ರಗಳ ನಡುವೆ ನೌಕೆ ತೇಲಿಬಂತು. ಟಿವಿ ಕೊಳ್ಳಲು ಬಂದಿದ್ದ ಬಣಕಲ್ಲಿನ ಶಾರದಕ್ಕ ಕನ್ನಡಕ ಏರಿಸಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಕೇಳಿದರು:

"ದಾರ ಎಲ್ಲಿದ್ಯೋ ಮಾರಾಯ?"

ಉಳಿದವರು ಮುಖ ಮುಖ ನೋಡಿಕೊಂಡರು. ನನಗೆ ಮಾತ್ರ ನಗು ತಡೆಯಲಾಗಲಿಲ್ಲ.

ಒಂದು ಕಾಲಕ್ಕೆ ನಾನು ಅಂಗಡಿಯಿಲ್ಲದ ವ್ಯಾಪಾರಿ. ಹೆಗಲ ಮೇಲೆ ಆಂಟೆನಾ, ಬಾಯಿಯೇ ಬಂಡವಾಳ. ನನ್ನಿಂದ ಮೊದಲ ಟಿವಿ ಕೊಂಡವರು ಶಾರದಕ್ಕ. ಭಾನುವಾರ ಬೆಳಿಗ್ಗೆ ಅದರಲ್ಲೊಂದು ಅಂತರಿಕ್ಷದ ಕಥೆ ಬರುತ್ತಿತ್ತು. ಗುಡ್ಡಗಳ ನಡುವೆ ಚಿತ್ರ ಬರುವುದೆಂದರೆ ರವೆ ಜರಡಿ ಹಿಡಿದಂತೆ. ಆ ರವೆಯ ಹಿಂದೆ ನೌಕೆ ಹಾರಿದರೆ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿಯುತ್ತಿದ್ದರು. ನನಗೋ ಚಿತ್ರ ಚೊಕ್ಕಮಾಡುವ ಬೂಸ್ಟರ್ ಮಾರುವ ಆಸೆ. "ಕನ್ನಡಿ ಥರ ಕಾಣುತ್ತೆ ಅಕ್ಕ, ಕಾಣದಿದ್ರೆ ವಾಪಸ್" ಎಂದು ಬೂಸ್ಟರ್ ಜೋಡಿಸಿ, ಸಿಲ್ವರ್ ಓಕ್ ಮರದ ತುದಿಗೆ ಆಂಟೆನಾ ಕಟ್ಟಿಸಿದೆ.

ಕನ್ನಡಿಯಂತೆಯೇ ಕಂಡಿತು. ನೌಕೆಯೆಂದರೆ ಎದುರುಬದುರು ಅಂಟಿಸಿದ ಎರಡು ಕುಕ್ಕರ್ ಮುಚ್ಚಳ, ಅದನ್ನು ತೂಗಿಬಿಡಲು ಮೇಲೊಂದು ದಾರ! ಅನ್ಯಗ್ರಹದ ರಾಜನ ಎದೆಗವಚ ಮೊಟ್ಟೆ ಜೋಡಿಸುವ ರಟ್ಟು! ವ್ಯಾಪಾರ ಕೆಟ್ಟಿತೆಂದು ನಾನು ಬೂಸ್ಟರ್ ಬಿಚ್ಚಲು ಸ್ಕ್ರೂಡ್ರೈವರ್ ಹುಡುಕುತ್ತಿದ್ದರೆ, ಶಾರದಕ್ಕ ಹೊಟ್ಟೆ ಹಿಡಿದು ನಗುತ್ತಿದ್ದರು.

"ಅಯ್ಯೋ, ದಾರ ನೋಡ್ರೇ! ಇಷ್ಟು ದಿನ ಈ ಕುಕ್ಕರಿಗೆ ಹೆದರ್ಕಂಡು ಕೂತಿದ್ವಾ? ಏ, ಬಿಚ್ಬೇಡ ಅದನ್ನ, ಇರ್ಲಿ!"

ಅಂದಿನಿಂದ ಆ ಮನೆಯಲ್ಲಿ ದಾರ ಹುಡುಕುವುದೇ ಆಟ. ಮೊದಲು ಕಂಡುಹಿಡಿದವರ ಕಡುಬಿಗೆ ಹೆಚ್ಚು ತುಪ್ಪ. ಅಕ್ಕಪಕ್ಕದವರೂ ಬೂಸ್ಟರ್ ಬೇಕೆಂದರು. ಹುಳುಕು ಕಂಡರೆ ಗಿರಾಕಿ ಓಡುತ್ತಾನೆ ಎಂಬ ನನ್ನ ವ್ಯಾಪಾರಶಾಸ್ತ್ರ ಅಲ್ಲಿ ಬೋರಲು ಬಿತ್ತು. ಅಂಗಡಿ ಎದ್ದು ನಿಂತಿತು.

ಈಗ ಅದೇ ಶಾರದಕ್ಕ ದಾರವಿಲ್ಲದ ನೌಕೆಯೆದುರು ಸಪ್ಪಗೆ ನಿಂತಿದ್ದಾರೆ.

"ಈಗೆಲ್ಲ ಕಂಪ್ಯೂಟರಲ್ಲೇ ಮಾಡ್ತಾರೆ ಅಕ್ಕ. ದಾರದ ಗೋಜೇ ಇಲ್ಲ."

"ಹಂಗಾದ್ರೆ ನಾವೆಂತ ಮಾಡೋದು? ಸುಮ್ನೆ ಕೂತು ನೋಡೋದಾ? ಬೇಡ ಬಿಡು, ಹಳೇದೇ ಸಾಕು."

ಬಾಗಿಲಿನ ಕಡೆ ತಿರುಗಿಯೂಬಿಟ್ಟರು. ಇಡೀ ಅಂಗಡಿ ನೋಡುತ್ತಿದೆ. ನನ್ನ ಮೊಟ್ಟಮೊದಲ ಗಿರಾಕಿ ಬರಿಗೈಯಲ್ಲಿ ಹೊರಡುವುದೆಂದರೇನು! ರಿಯಾಯಿತಿ ಎಂದೆ, ಸ್ಟ್ಯಾಂಡ್ ಪುಕ್ಕಟೆ ಎಂದೆ. ಕಿವಿಗೇ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ ಪರದೆಯ ಮೇಲೆ ಮಳೆ ಸುರಿಯಿತು. ಆನೆಗಿಂತ ದೊಡ್ಡ ಮೃಗವೊಂದು ಗರ್ಜಿಸುತ್ತ ಕೆಸರಿನಲ್ಲಿ ನಡೆದುಬಂತು. ಚರ್ಮದ ಒಂದೊಂದು ಸುಕ್ಕಿಗೂ ಜೀವವಿತ್ತು. ಗರ್ಜನೆಗೆ ತಿರುಗಿದ ಶಾರದಕ್ಕ ಹೊಸ್ತಿಲಲ್ಲೇ ನಿಂತರು.

"ತಡಿ ತಡಿ, ಹಿಂದಕ್ಕೆ ಹಾಕು!"

ಹಾಕಿದೆ.

"ಹೆಜ್ಜೆ ಎಲ್ಲಿ? ನಮ್ಮ ತೋಟಕ್ಕೆ ಆನೆ ಬಂದು ಹೋದ್ರೆ ಹೆಜ್ಜೆಗುಂಡೀಲಿ ಬಕೆಟ್ ನೀರು ನಿಲ್ಲುತ್ತೆ. ಇದು ನೋಡು, ತುಳಸಿಕಟ್ಟೆ ಸುತ್ತಿದಂಗೆ ನಡೀತಿದೆ! ಸಿಕ್ತು ದಾರ!"

ನೋಡಿದರೆ ಹೌದು. ಅಷ್ಟು ದೊಡ್ಡ ದೇಹ ದಾಟಿಹೋದರೂ ಕೆಸರು ನುಣ್ಣಗಿದೆ.

"ಕಾಲಿಗೊಂದು ಜಿಗಣೆನೂ ಹತ್ತಿಲ್ಲ ನೋಡಿ ಅಕ್ಕ!" ಎಂದು ಮಿಕ್ಸಿ ಕೊಳ್ಳಲು ಬಂದಿದ್ದವರೊಬ್ಬರು ಕೂಗಿದರು. ಅಂಗಡಿಗೆ ಅಂಗಡಿಯೇ ಹೋ ಎಂದಿತು. ಶಾರದಕ್ಕ ಚಪ್ಪಾಳೆ ತಟ್ಟಿ, "ಕಟ್ಟೋ ಇದನ್ನ, ಜೀಪಿಗೆ ಹಾಕು. ಸ್ಟ್ಯಾಂಡ್ ಪುಕ್ಕಟೆ ಅಂದಿದ್ದು ನೆನಪಿದೆ!" ಎಂದರು.

ಆಮೇಲೆ ನಾನು ಬಣ್ಣ, ಹೊಳಪು ಎಂದು ಬಾಯಿ ನೋಯಿಸಿಕೊಳ್ಳುವುದನ್ನು ಬಿಟ್ಟಿದ್ದೇನೆ. ಅದೇ ಮೃಗವನ್ನು ಹಾಕಿ, "ಇದ್ರಲ್ಲೊಂದು ತಪ್ಪಿದೆ, ಹುಡುಕಿ" ಎಂದು ಕೈಕಟ್ಟಿ ನಿಲ್ಲುತ್ತೇನೆ. ನೀವೂ ಬನ್ನಿ. ಹೆಜ್ಜೆ ಎಂದು ಮಾತ್ರ ಹೇಳಬೇಡಿ, ಅದು ಶಾರದಕ್ಕನದು. ನಿಮ್ಮ ದಾರ ನೀವೇ ಹುಡುಕಿಕೊಳ್ಳಿ.