ಯಾವ ಮಗ್ಗುಲಿಗೆ ಮಲಗುತ್ತೀಯ?

ಅಲ್-ಕಾಫ್ ಊರಿನ ಕೋಟೆಯ ಕೆಳಗಿರುವ ಹಮ್ಮಾಮಿನಲ್ಲಿ, ಅಂದರೆ ಊರವರು ಬಂದು ಮೀಯುವ ಬಿಸಿನೀರಿನ ಸ್ನಾನದ ಮನೆಯಲ್ಲಿ, ಮಧ್ಯಾಹ್ನ ಹನ್ನೆರಡರಿಂದ ಸಂಜೆ ಆರರವರೆಗೆ ಹೆಂಗಸರ ಸರದಿ. ಆ ಆರು ಗಂಟೆಗಳಲ್ಲಿ ಮನ್ನೂಬಿಯಾ ಹದಿನಾಲ್ಕು ಮೈಗಳನ್ನು ಉಜ್ಜುತ್ತಾಳೆ. ಚಳಿ ಜೋರಾದರೆ ಹದಿನಾರು. ಮೂವತ್ತೊಂದು ವರ್ಷಗಳಿಂದ ಇದೇ ಕೆಲಸ. ಈಗೀಗ ಬಲಗೈಯ ಮಣಿಕಟ್ಟು ಬೆಳಿಗ್ಗೆ ಎದ್ದಾಗ ಮಡಚಲು ಬರುವುದಿಲ್ಲ. ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟ ಮೇಲೆ ಬೇರೆಯವರ ಕೈಯೇನೋ ಎನ್ನುವ ಹಾಗೆ ನಿಧಾನಕ್ಕೆ ಮಾತು ಕೇಳುತ್ತದೆ.

ಮೈ ಉಜ್ಜುವ ಕಲ್ಲಿನ ಮೇಲೆ ಬಂದು ಮಲಗುವ ಪ್ರತಿಯೊಬ್ಬಳನ್ನೂ ಆಕೆ ವಿಚಾರಿಸಿಕೊಳ್ಳುತ್ತಾಳೆ. ಊರಿನ ರೂಢಿ ಅದು.

“ತೊಂದರೆಯಿಲ್ಲ ತಾನೇ?”

“ತೊಂದರೆಯಿಲ್ಲ.”

“ಅಮ್ಮ?”

“ಚೆನ್ನಾಗಿದಾಳೆ, ಹಮ್ದುಲ್ಲಾ, ದೇವ್ರ ದಯ.”

“ಯಜಮಾನ್ರು? ಮಕ್ಳು? ಮನೆ ಕಡೆ?”

“ಎಲ್ಲಾ ತೊಂದರೆಯಿಲ್ಲ. ನಿಮ್ದು?”

ಈ ಮಾತುಗಳು ಮುಗಿಯಲು ಎಂಟು ಸೆಕೆಂಡು ಸಾಕು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಿರುತ್ತದೆ, ಉತ್ತರ ಮುಗಿಯುವ ಮೊದಲೇ ಮುಂದಿನ ಪ್ರಶ್ನೆ. ಗಂಡನನ್ನು ನಿನ್ನೆ ಮಣ್ಣು ಮಾಡಿ ಬಂದವಳೂ ಮೊದಲು ತೊಂದರೆಯಿಲ್ಲ ಎಂದು ಹೇಳಿಯೇ ಆಮೇಲೆ ಅಳುತ್ತಾಳೆ. ಹಾಗೆ ಹೇಳದಿದ್ದರೆ ದೇವರ ಮೇಲೆ ದೂರು ಹೇಳಿದಂತೆ.

ಆರು ವರ್ಷಗಳ ಹಿಂದೆ ಅಲ್ಜಿಯಾ ಎಂಬ ರೊಟ್ಟಿ ಮಾರುವ ಹೆಂಗಸಿನ ಎಡ ಎದೆಯ ಪಕ್ಕದಲ್ಲಿ ಮನ್ನೂಬಿಯಾಳ ಕೈಗೆ ಒಂದು ಗಂಟು ಸಿಕ್ಕಿತ್ತು. ಕಡಲೆಕಾಳಿನಷ್ಟು, ಗಟ್ಟಿಯಾಗಿ, ಒತ್ತಿದರೆ ಜಾರದೆ ಕುಳಿತಿತ್ತು. ಕೈ ನಿಂತಿತು. “ತೊಂದರೆಯಿಲ್ಲ ತಾನೇ ಅಲ್ಜಿಯಾ?” ಎಂದು ಕೇಳಿದಳು. “ತೊಂದರೆಯಿಲ್ಲಮ್ಮ” ಎಂದಳು ಅವಳು. ಕೇಳಿದವಳಿಗೆ ಕೇಳಿದೆನೆಂಬ ಸಮಾಧಾನ, ಹೇಳಿದವಳಿಗೆ ಹೇಳಿದೆನೆಂಬ ಸಮಾಧಾನ. ಹದಿನೆಂಟು ತಿಂಗಳಾದ ಮೇಲೆ ಅಲ್ಜಿಯಾಳ ಹೆಣಕ್ಕೆ ಸ್ನಾನ ಮಾಡಿಸಲು ಕರೆದದ್ದೂ ಮನ್ನೂಬಿಯಾಳನ್ನೇ. ಆವತ್ತು ಆ ಗಂಟಿನ ಜಾಗವನ್ನು ಆಕೆ ನೋಡಿದಳು. ಮನೆಗೆ ಬಂದು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆಮೇಲೆ ಆಕೆ ಬೇರೆ ಥರ ಕೇಳುವುದನ್ನು ಕಲಿಯತೊಡಗಿದಳು. ಹೇಳಿಕೊಡುವವರು ಯಾರೂ ಇರಲಿಲ್ಲ. ಹೌದು ಅಥವಾ ಇಲ್ಲ ಎಂದು ಮುಗಿಸಬಹುದಾದ ಪ್ರಶ್ನೆ ಉಪಯೋಗಕ್ಕೆ ಬಾರದು ಎನ್ನುವುದು ಮೊದಲ ಚಳಿಗಾಲದಲ್ಲಿ ಗೊತ್ತಾಯಿತು. ಯಾಕೆ ಎಂದು ಕೇಳಿದರೆ ಹೆಂಗಸರು ಸೆಟೆದುಕೊಳ್ಳುತ್ತಾರೆ, ಯಾವಾಗಿನಿಂದ ಎಂದರೆ ಯೋಚಿಸುತ್ತಾರೆ ಎನ್ನುವುದು ಎರಡನೆಯದರಲ್ಲಿ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕಾಯುವುದನ್ನು ಕಲಿಯಲು ಬಹಳ ದಿನ ಬೇಕಾಯಿತು.

“ನಿಂಗೆ ಮೈ ಉಜ್ಜೋ ಕೆಲ್ಸಾನೋ, ಪೊಲೀಸ್ ಕೆಲ್ಸಾನೋ?” ಪಕ್ಕದ ಕಲ್ಲಿನ ಮಬ್ರೂಕಾ ಆಗಾಗ ಛೇಡಿಸುತ್ತಿದ್ದಳು. ಅವಳೂ ಮೈ ಉಜ್ಜುವವಳೇ. “ನಾನು ಹನ್ನೆರಡು ಜನಾನ ಮುಗ್ಸಿದೀನಿ, ನೀನಿನ್ನೂ ಒಬ್ಬಳ ಅತ್ತೆ ಕತೆ ಕೇಳ್ತಾ ಕೂತಿದೀಯ!”

“ಕೂತಿಲ್ಲ ಕಣೇ, ನಿಂತೇ ಇದೀನಿ. ಅದೇ ಕಷ್ಟ” ಎನ್ನುತ್ತಿದ್ದಳು ಮನ್ನೂಬಿಯಾ.

ಹೋದ ನವೆಂಬರಿನ ಒಂದು ಗುರುವಾರ ನಜೀಹಾ ಬಂದಳು. ಮದುವೆಯ ಉಡುಪು ಹೊಲಿಯುವವಳು, ವಯಸ್ಸು ನಲವತ್ತಾರು. ಒಬ್ಬಳೇ ಮಗಳು ರಿಹಾಬಳಿಗೆ ಏಪ್ರಿಲ್‌ನಲ್ಲಿ ಮದುವೆ ಗೊತ್ತಾಗಿತ್ತು. ಬಲ ಎದೆಯ ಕೆಳಗೆ ಕೈ ಹೋದಾಗ ಮನ್ನೂಬಿಯಾಳಿಗೆ ಅದೇ ಸಿಕ್ಕಿತು. ಗಟ್ಟಿ, ಜಾರದು. ಆವತ್ತು ಆಕೆಗೆ ಹದಿಮೂರನೆಯ ಮೈ ಅದು. ದಣಿವಿನಲ್ಲಿ, ಇಷ್ಟು ವರ್ಷ ಕಲಿತದ್ದೆಲ್ಲ ಮರೆತು, ನೇರವಾಗಿ ಕೇಳಿಬಿಟ್ಟಳು. “ಇದನ್ನ ಡಾಕ್ಟ್ರಿಗೆ ತೋರ್ಸಿದ್ಯಾ?”

ನಜೀಹಾ ಎದ್ದು ಕುಳಿತಳು. “ಯಾವುದನ್ನ? ಏನೂ ಇಲ್ಲ. ಬಾಯಿಗೆ ಬಂದಿದ್ದೆಲ್ಲ ಆಡ್ಬೇಡಿ ಅಕ್ಕಾ, ಗೋಡೆಗೂ ಕಿವಿ ಇದೆ ಇಲ್ಲಿ.” ಮೈಮೇಲಿನ ಸೋಪು ತೊಳೆದುಕೊಳ್ಳದೆಯೇ ಹೊರಟುಹೋದಳು. ಆ ಕಾಯಿಲೆಯ ಹೆಸರನ್ನು ಊರಿನಲ್ಲಿ ಯಾರೂ ಬಾಯಲ್ಲಿ ಹೇಳುವುದಿಲ್ಲ; ಹೆಸರು ಹೇಳಿದರೆ ಕರೆದಂತೆ.

ಮುಂದಿನ ಗುರುವಾರ ಅವಳು ಮಬ್ರೂಕಾಳ ಕಲ್ಲಿನ ಮೇಲೆ ಮಲಗಿದಳು. ಅದರ ಮುಂದಿನ ವಾರವೂ. ಎರಡು ಮಾರು ದೂರದಲ್ಲಿ ಬೇರೊಬ್ಬರ ಬೆನ್ನು ಉಜ್ಜುತ್ತಾ ಮನ್ನೂಬಿಯಾ ದಿನ ಎಣಿಸಿದಳು. ಹದಿನಾಲ್ಕಾಯಿತು. ಮಬ್ರೂಕಾಳ ಕೈಗೂ ಅದು ಸಿಕ್ಕಿರಬೇಕು, ಅವಳೂ ತೊಂದರೆಯಿಲ್ಲ ತಾನೇ ಎಂದು ಕೇಳಿರಬೇಕು ಎಂದುಕೊಂಡಳು. ಇನ್ನೊಬ್ಬಳ ಹೆಣ ತೊಳೆಯುವ ಶಕ್ತಿ ತನ್ನಲ್ಲಿಲ್ಲ ಎಂಬುದು ಮಾತ್ರ ಆಕೆಗೆ ಖಚಿತವಿತ್ತು.

ಇಪ್ಪತ್ತೊಂದನೆಯ ದಿನ ಮಬ್ರೂಕಾ ಜ್ವರವೆಂದು ಬರಲಿಲ್ಲ. ನಜೀಹಾ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಕೊನೆಗೆ ಮನ್ನೂಬಿಯಾಳ ಕಲ್ಲಿನ ಮೇಲೆಯೇ ಬಂದು ಬೋರಲು ಮಲಗಿದಳು.

ಮನ್ನೂಬಿಯಾ ಬೆನ್ನಿನಿಂದ ಶುರುಮಾಡಿದಳು. ಅಮ್ಮ, ಯಜಮಾನರು, ಮನೆ ಏನನ್ನೂ ವಿಚಾರಿಸಲಿಲ್ಲ. ಬಕೆಟ್ಟಿಗೆ ನೀರು ಬೀಳುವ ಸದ್ದು ಜೋರಾಗಲೆಂದು ನಲ್ಲಿಯನ್ನು ಪೂರ್ತಿ ತಿರುಗಿಸಿ, ಬಗ್ಗಿ ಮೆಲ್ಲಗೆ ಕೇಳಿದಳು.

“ಮಲಗೋವಾಗ ಯಾವ ಮಗ್ಗುಲಿಗೆ ಮಲಗ್ತೀಯ?”

“ಎಡಕ್ಕೆ.”

“ಮುಂಚಿನಿಂದ್ಲೂ ಎಡಕ್ಕೇನಾ?”

“ಇಲ್ಲ. ಮುಂಚೆ ಬಲಕ್ಕೆ.”

“ಯಾವಾಗ್ನಿಂದ ಬದ್ಲಾಯ್ತು?”

“...ಕುರಿ ಹಬ್ಬ ಕಳೆದ್ಮೇಲೆ.”

ಅಲ್ಲಿಗೆ ಐದು ತಿಂಗಳು. ಮನ್ನೂಬಿಯಾ ಭುಜದ ಮೇಲಿನ ಕೊಳೆಯನ್ನು ಸುರುಳಿಸುರುಳಿಯಾಗಿ ಇಳಿಸುತ್ತಾ ಹೋದಳು. ಎರಡು ಬಕೆಟ್ಟು ತುಂಬಿತು.

“ಇದು ಯಾರ ಕಿವಿಗೆ ಬೀಳ್ಬಾರ್ದು ಅಂತ ನಿಂಗೆ ಭಯ?”

ನಜೀಹಾ ಮುಖವನ್ನು ತೋಳಿನಲ್ಲಿ ಮುಚ್ಚಿಕೊಂಡಳು. “ಬೀಗರ ಕಿವಿಗೆ. ತಾಯಿಗಿದ್ರೆ ಮಗಳಿಗೂ ಬರತ್ತೆ ಅಂತಾರಂತೆ. ಸಂಬಂಧ ಮುರ್ಕೊಳ್ತಾರೆ. ಏಪ್ರಿಲ್ ಒಂದು ಕಳೀಲಿ ಅಕ್ಕಾ, ಆಮೇಲೆ ಎಲ್ಲಿ ಬೇಕಾದ್ರೂ ತೋರಿಸ್ತೀನಿ.”

“ಮದುವೆ ಹಿಂದಿನ ದಿನ ಹುಡುಗೀನ ಹಮ್ಮಾಮಿಗೆ ಯಾರು ಕರ್ಕೊಂಡು ಬರ್ತಾರೆ?”

“ನಾನೇ. ತಾಯಿ ಅಲ್ವಾ ಬರ್ಬೇಕಾದ್ದು?”

“ಬೀಗರ ಕಡೆಯಿಂದ ಯಾರು ಬರ್ತಾರೆ?”

ಬೀಗರ ಕಡೆಯ ಹತ್ತಿಪ್ಪತ್ತು ಹೆಂಗಸರು ಬರುತ್ತಾರೆ, ಎಲ್ಲರೂ ಇದೇ ಬಿಸಿ ಕೋಣೆಯಲ್ಲಿ ಬಟ್ಟೆ ತೆಗೆಯುತ್ತಾರೆ, ಏಪ್ರಿಲ್ ಹೊತ್ತಿಗೆ ಆ ಗಂಟು ಎಷ್ಟಾಗಿರುತ್ತದೋ ಎಲ್ಲರೂ ನೋಡುತ್ತಾರೆ. ಇದನ್ನು ನಜೀಹಾ ಒಮ್ಮೆಯೂ ಯೋಚಿಸಿರಲಿಲ್ಲ. ಕಲ್ಲಿನ ಮೇಲೆ ಅವಳ ಬೆನ್ನು ಅದುರತೊಡಗಿತು. ಮನ್ನೂಬಿಯಾ ನೀರು ಹೊಯ್ದಳು. ನೀರಿನಲ್ಲಿ ಅತ್ತರೆ ಯಾರಿಗೂ ಕಾಣುವುದಿಲ್ಲ.

ತುಂಬ ಹೊತ್ತಾದ ಮೇಲೆ ನಜೀಹಾಳೇ ಕೇಳಿದಳು. “ಟ್ಯುನಿಸ್‌ನ ದೊಡ್ಡಾಸ್ಪತ್ರೆಗೆ ಹೋದ್ರೆ ಇಲ್ಲಿ ಯಾರ್ಗೂ ಗೊತ್ತಾಗಲ್ಲ ಅಲ್ವಾ? ನೀವು ಜೊತೆಗೆ ಬರ್ತೀರಾ?”

ಸೋಮವಾರ ಹಮ್ಮಾಮಿಗೆ ರಜೆ. ವಾರದಲ್ಲಿ ಮನ್ನೂಬಿಯಾ ಮಧ್ಯಾಹ್ನದ ತನಕ ಮಲಗುವುದು ಅದೊಂದೇ ದಿನ. ಬರುತ್ತೇನೆ ಎಂದಳು.

ಮುಂಜಾನೆಯ ಬಾಡಿಗೆ ವ್ಯಾನಿನಲ್ಲಿ ಮೂರು ಗಂಟೆ, ಆಸ್ಪತ್ರೆಯ ಬೆಂಚಿನ ಮೇಲೆ ನಾಲ್ಕು ಗಂಟೆ. ಸೂಜಿ ಹಾಕಿ ಚೂರು ತೆಗೆದುಕೊಂಡರು, ಹತ್ತು ದಿನ ಬಿಟ್ಟು ಬರಲು ಹೇಳಿದರು. ವಾಪಸು ಬರುವಾಗ ನಜೀಹಾ ಕಿಟಕಿಯ ಕಡೆ ಮುಖ ಮಾಡಿಕೊಂಡು, “ನೀವು ಕೇಳ್ದೇ ಇದ್ದಿದ್ರೆ ನಾನು ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದೆ” ಎಂದಳು. ಮನ್ನೂಬಿಯಾಳಿಗೆ ನಿದ್ದೆ ಬರುತ್ತಿತ್ತು.

ಅದೇ ಕಾಯಿಲೆಯಾಗಿತ್ತು. ಗಂಟಿನ ಅಗಲ ಒಂದೂಮುಕ್ಕಾಲು ಸೆಂಟಿಮೀಟರ್, ಬೇರೆಲ್ಲಿಗೂ ಹಬ್ಬಿರಲಿಲ್ಲ. ಜನವರಿಯಲ್ಲಿ ಕೊಯ್ದು ತೆಗೆದರು, ಎದೆಯ ಮೇಲೆ ಹೊಲಿಗೆಯ ಗುರುತು ಉಳಿಯಿತು. ನೆಂಟರ ಮನೆಯಲ್ಲಿ ಉಡುಪು ಹೊಲಿಯಲು ಹೋಗಿದ್ದಾಳೆಂದು ಊರಿಗೆ ಹೇಳಿದ್ದಾಯಿತು. ನಿಜ ಗೊತ್ತಿದ್ದದ್ದು ಗಂಡನಿಗೆ, ಮಗಳಿಗೆ, ಮನ್ನೂಬಿಯಾಳಿಗೆ.

ಆಮೇಲೆ ನಜೀಹಾ ಹಮ್ಮಾಮಿಗೆ ಬರಲಿಲ್ಲ. ಬೀದಿಯಲ್ಲಿ ಎದುರಾದರೆ ರಸ್ತೆ ದಾಟಿಬಿಡುತ್ತಿದ್ದಳು. ಎಲ್ಲವನ್ನೂ ಬಲ್ಲವರ ಕಣ್ಣಿಗೆ ಬೀಳುವುದು ಸುಲಭವಲ್ಲ ಎಂದು ಮನ್ನೂಬಿಯಾ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡರೂ ಗುರುವಾರ ಬಂದರೆ ಒಂದೆರಡು ಸಲ ಬಾಗಿಲ ಕಡೆ ನೋಡುತ್ತಿದ್ದಳು.

ಏಪ್ರಿಲ್‌ನಲ್ಲಿ ಮದುಮಗಳ ಹಮ್ಮಾಮು. ಬೀಗರ ಕಡೆಯ ಹೆಂಗಸರು ಹಾಡುತ್ತಾ, ಕೂಗುತ್ತಾ ಒಳಗೆ ನುಗ್ಗಿದರು. ರಿಹಾಬಳ ಜೊತೆ ತಾಯಿ ಬಂದಿರಲಿಲ್ಲ; ಮದುವೆಯ ತಿಂಡಿ ಕರಿಯುತ್ತಿದ್ದಾಳೆ, ಕಾದ ಎಣ್ಣೆಯ ಮುಂದಿನಿಂದ ಏಳುವ ಹಾಗಿಲ್ಲವೆಂದು ಮನೆಯಲ್ಲೇ ಉಳಿದಿದ್ದಳಂತೆ. ಹುಡುಗಿ ನೇರವಾಗಿ ಮನ್ನೂಬಿಯಾಳ ಕಲ್ಲಿಗೆ ಬಂದಳು.

“ಅಮ್ಮ ಹೇಳಿದಾಳೆ ದೊಡ್ಡಮ್ಮ. ನಿಮ್ಮ ಹತ್ರಾನೇ ಉಜ್ಜಿಸ್ಕೋಬೇಕಂತೆ, ನೀವೇನು ಕೇಳಿದ್ರೂ ಬಾಯಿ ಮಾತ್ರ ಬಿಡ್ಬಾರ್ದಂತೆ.”

ಮನ್ನೂಬಿಯಾಳಿಗೆ ಅದು ಆವತ್ತಿನ ಹದಿನೈದನೆಯ ಮೈ. ಬೆನ್ನು ಮುಗಿಯಿತು, ಕಾಲು ಮುಗಿಯಿತು. ರಿಹಾಬ್ ಕತ್ತು ಎತ್ತಿ ನೋಡಿದಳು. “ಏನೂ ಕೇಳೋದೇ ಇಲ್ವಾ ನೀವು?”

“ಕೈ ಎತ್ತು” ಎಂದಳು ಮನ್ನೂಬಿಯಾ.

ಉಜ್ಜಲು ಕೈಗೆ ಹಾಕಿಕೊಂಡಿದ್ದ ಒರಟು ಚೀಲವನ್ನು ಕಳಚಿಟ್ಟು, ಬರಿಗೈಯಲ್ಲಿ ಕಂಕುಳಿನಿಂದ ಎದೆಯ ಸುತ್ತ ಕೊರಳೆಲುಬಿನ ತನಕ ಬೆರಳಾಡಿಸಿದಳು. ಬೇಕಾದ್ದಕ್ಕಿಂತ ತುಸು ನಿಧಾನವಾಗಿ, ಎರಡು ಸಲ. ಎಲ್ಲಿಯೂ ಏನೂ ಸಿಗಲಿಲ್ಲ.

“ಇನ್ನೊಂದು ಕೈ” ಎಂದಳು.